ಪೀಣ್ಯದಲ್ಲಿ ಕರೆಂಟ್ ಹೋದ ದಿನ

ಸ್ನೇಹಿತರೇ, ಇವತ್ತು ನನ್ನ ವಿದ್ಯಾರ್ಥಿನಿಯೊಬ್ಬಳ ಮುಂದೆ ತಲೆ ತಗ್ಗಿಸಿದೆ. ಪೀಣ್ಯದ ಕಾರ್ಖಾನೆ ಭೇಟಿಯ ವರದಿಗೆ ಅವಳಿಗೆ ಹತ್ತಕ್ಕೆ ಮೂರು ಅಂಕ ಬಂದಿತ್ತು. ಯಾಕೆ ಎಂದು ಕೇಳಿದಳು.

ಲ್ಯಾಪ್‌ಟಾಪ್ ನೋಡಿಕೊಂಡೇ ಹೇಳಿದೆ: "ಮಿಷಿನ್ ಹೇಗೆ ಓಡುತ್ತೆ ಅಂತ ಬರ್ದೇ ಇಲ್ವಲ್ಲಮ್ಮ. ಉಳಿದವರೆಲ್ಲ ಎಷ್ಟು ಚೆನ್ನಾಗಿ ಬರ್ದಿದಾರೆ ನೋಡು."

"ಅವತ್ತು ಕರೆಂಟೇ ಇರ್ಲಿಲ್ಲ ಮೇಡಂ. ಒಂದು ಮಿಷಿನ್ನೂ ಓಡ್ಲಿಲ್ಲ. ನೀವೂ ನಮ್ ಜೊತೆನೇ ಇದ್ರಲ್ಲ?"

ಇದ್ದೆ. ಉಳಿದವರ ವರದಿ ಬರೆದದ್ದು ಎಐ. ಇವಳದ್ದೂ ಸೇರಿ ಎಲ್ಲವನ್ನೂ ಓದಿ ಅಂಕ ಕೊಟ್ಟಿದ್ದೂ ಎಐ. ನಾನು ಸಹಿ ಹಾಕಿದ್ದೆ, ಅಷ್ಟೆ. ಎಐ ಬಳಸಿದವರಿಗೆ ಸೊನ್ನೆ ಎಂದು ತರಗತಿಯಲ್ಲಿ ಗುಡುಗಿದವಳೂ ನಾನೇ.

ಅಂಕ ತಿದ್ದಿದೆ. ಅವಳ ವರದಿಯ ಕೊನೆಗೆ, "ನಮ್ಮ ಮೇಡಂ ಎಲ್ಲರಿಗೂ ಟೀ ಕೊಡಿಸಿದರು" ಎಂಬ ಸಾಲಿದೆ. ಇವತ್ತು ಮೊದಲ ಸಲ ಓದಿದೆ.