ಕಾಲು ನೋಡದೆ ಶೂ ಕೊಡದವರು

ಅವರ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ಅಗಲವಾಗಿತ್ತು, ಉಗುರು ಚಪ್ಪಟೆಯಾಗಿ ಹಳದಿಗಟ್ಟಿತ್ತು. ಇಪ್ಪತ್ತು ವರ್ಷ ತಮ್ಮ ಶೂ ಅಂಗಡಿಯಲ್ಲಿ ಗಿರಾಕಿಗಳ ಶೂ ತುದಿಯನ್ನು ಒತ್ತಿ, ಒಳಗೆ ಬೆರಳಿಗೆ ಎಷ್ಟು ಜಾಗವಿದೆ ಎಂದು ನೋಡಿದ ಹೆಬ್ಬೆರಳು ಅದು. ಮೊದಲ ದಿನ ನನ್ನ ಶೂವನ್ನೂ ಹಾಗೇ ಒತ್ತಿದರು. ಒತ್ತಿದ ಕಡೆ ಬೆರಳು ಸಿಗಲಿಲ್ಲ. ಇನ್ನಷ್ಟು ಹಿಂದೆ ಸರಿದು ಒತ್ತಿದರು.

"ಈ ಶೂವಿನೊಳಗೆ ನೀವು ಎಲ್ಲಿದ್ದೀರಿ ಮಾರಾಯ್ರೆ?"

ನಾನು ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಲೇ ಅಂಗಡಿ ಹೊಕ್ಕಿದ್ದರಿಂದ ಅವರಿಗೆ ನನ್ನ ಭಾಷೆ ಗೊತ್ತಾಗಿತ್ತು. ನಾನೇ ಬೆಚ್ಚಿಬಿದ್ದೆ. ಆ ವಾರ ಅಮ್ಮನನ್ನು ಬಿಟ್ಟು ಯಾರೂ ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿರಲಿಲ್ಲ.

ಪೀತಮ್‌ಪುರಕ್ಕೆ ಮೆಟ್ರೋ ಬಂದು ಒಂದೆರಡು ವರ್ಷವಾಗಿತ್ತು. ಚಿತ್ರದುರ್ಗದಿಂದ ದೆಹಲಿಗೆ ಬಂದು ಆಫೀಸೊಂದಕ್ಕೆ ಸೇರಿದ ನಾನು ಮೂರನೆಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದೆ. ಭಾನುವಾರ ಬಂತೆಂದರೆ ಹಾಲಿನ ಭಯ್ಯಾನನ್ನು ಬಿಟ್ಟು ಯಾರೊಂದಿಗೂ ಬಾಯಿ ಬಿಡದೆ ದಿನ ಮುಗಿಯುತ್ತಿತ್ತು. ಪಾರ್ಕಿನಲ್ಲಿ ಓಡಲು ಶುರು ಮಾಡಿದ್ದು ಆರೋಗ್ಯಕ್ಕೇನಲ್ಲ. ಬೆಳಿಗ್ಗೆ ಓಡುವವರು ಎದುರಾದಾಗ ಗುರುತಿಲ್ಲದಿದ್ದರೂ ತಲೆಯಾಡಿಸುತ್ತಾರೆ. ಅಷ್ಟಕ್ಕಾಗಿ ಓಡುತ್ತಿದ್ದೆ. ಎರಡೇ ವಾರದಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಅದೂ ನಿಂತುಹೋಗುವಂತಾಯಿತು.

ತಪ್ಪು ನಮ್ಮ ಕಡೆಯವರೆಲ್ಲ ಮಾಡುವಂಥದ್ದೇ. ಕಾಲೇಜು ಮುಗಿಯುವ ತನಕ ಹವಾಯಿ ಚಪ್ಪಲಿಯಲ್ಲೇ ಬೆಳೆದ ಕಾಲು, ಬೆರಳುಗಳು ತಮಗಿಷ್ಟ ಬಂದಷ್ಟು ಹರಡಿಕೊಂಡಿರುತ್ತವೆ. ಶೂ ಬದಿಯಲ್ಲಿ ಬಿಗಿಯಾದರೆ ಒಂದು ನಂಬರ್ ದೊಡ್ಡದು ಕೇಳುತ್ತೇವೆ. ಅಗಲ ಸಿಗುತ್ತದೆ, ಜೊತೆಗೆ ಬೇಡದ ಉದ್ದವೂ ಬರುತ್ತದೆ, ಹಿಮ್ಮಡಿ ಒಳಗೆ ಜಾರಿ ಜಾರಿ ಚರ್ಮ ಸುಲಿಯುತ್ತದೆ. ಅವರು ಇದನ್ನೆಲ್ಲ ಹೇಳಿ, ನನ್ನ ನಂಬರಿನಲ್ಲೇ ಅಗಲದ ಜೋಡಿಯೊಂದನ್ನು ಹುಡುಕಿ ತೆಗೆದರು. ಆದರೆ ಕೊಡಲಿಲ್ಲ.

"ಸಂಜೆ ಬನ್ನಿ. ಬೆಳಿಗ್ಗೆಯ ಕಾಲು ಬೇರೆ, ದಿನವಿಡೀ ನಡೆದ ಕಾಲು ಬೇರೆ. ಸ್ವಲ್ಪ ಊದಿರ್ತದೆ. ಓಡುವಾಗ ಹಾಕುವ ಸಾಕ್ಸ್ ಉಂಟಲ್ಲ, ಅದನ್ನೇ ತನ್ನಿ."

ಸಂಜೆ ಹೋದರೆ ಶೂ ಹಾಕಿಸಿ, ಗಲ್ಲಿಯ ತುದಿಯ ಕರೆಂಟು ಕಂಬ ತೋರಿಸಿ, "ಅಲ್ಲಿಯ ತನಕ ಓಡಿ ಬನ್ನಿ" ಎಂದರು. ದರ್ಜಿ, ಚಾಟ್ ಭಯ್ಯಾ, ತರಕಾರಿ ಆರಿಸುತ್ತಿದ್ದ ಹೆಂಗಸರು ಎಲ್ಲರೆದುರಿಗೆ ನಾನು ನಾಚಿಕೆ ಬಿಟ್ಟು ಓಡಿದೆ. ಅವರು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಹಿಮ್ಮಡಿಗಳನ್ನೇ ನೋಡುತ್ತಿದ್ದರು. ಮೂರು ಸಲ ಓಡಿಸಿದ ಮೇಲೆ, "ಚಲೋ, ಇದು ನಿಮ್ಮದು" ಎಂದರು.

ಕಾಲು ನೋಡದೆ ಅವರು ಯಾರಿಗೂ ಶೂ ಕೊಟ್ಟವರಲ್ಲ. ಅಪ್ಪನಿಗೆಂದು ಒಳ್ಳೆಯ ಶೂ ಕೇಳಿ ಬಂದವನೊಬ್ಬನನ್ನು, ಅಪ್ಪನನ್ನೇ ಕರೆದುಕೊಂಡು ಬಾ ಎಂದು ನನ್ನೆದುರೇ ವಾಪಸು ಕಳಿಸಿದರು. ಹೀಗೆ ಮಾಡಿದರೆ ವ್ಯಾಪಾರ ಹೇಗೆ ಆಗಬೇಕು ಎಂದು ನಾನು ಛೇಡಿಸುತ್ತಿದ್ದೆ. ಶನಿವಾರದ ಸಂಜೆಗಳೆಲ್ಲ ಆ ಅಂಗಡಿಯ ಬೆಂಚಿನ ಮೇಲೆ ಕಳೆಯುತ್ತಿದ್ದವು.

ಅವರು ಕುಂದಾಪುರದ ಕಡೆಯವರು. ಎರಡು ಗಲ್ಲಿ ಆಚೆ, ನಾನು ದಿನಾ ಊಟ ಮಾಡುತ್ತಿದ್ದ ಹೋಟೆಲು ಅವರ ಅಣ್ಣನದೇ ಎಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಇವರೂ ಹರೆಯದಲ್ಲಿ ಅಲ್ಲಿಯೇ ದೋಸೆ ಹುಯ್ದವರು. ಬಿಟ್ಟು ಶೂ ಅಂಗಡಿ ಹಾಕಿದಾಗ ಅಣ್ಣ, "ಅನ್ನ ಬಡಿಸುವ ಕೈಯಲ್ಲಿ ಕಂಡವರ ಕಾಲು ಮುಟ್ತೀಯಲ್ಲ, ಇನ್ನು ನನ್ನ ಹೊಸ್ತಿಲು ತುಳಿಬೇಡ" ಎಂದರಂತೆ. ಅಂದಿನಿಂದ ಮಾತಿಲ್ಲ. ಇವರು ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅನ್ನ ಬೇಯಿಸಿಕೊಂಡು ಇದ್ದರು.

"ಚೌತಿ ದಿನ ಅಣ್ಣನ ಕಾಲಿಗೆ ಬೀಳುವುದು ನಮ್ಮಲ್ಲಿ ಕ್ರಮ," ಎಂದರು ಒಮ್ಮೆ. "ಆವತ್ತು ನಾನು ಅಂಗಡಿ ಬೇಗ ತೆರೀತೇನೆ. ಒಳಗೆ ಕೂತರೆ ನೆನಪಾಗ್ತದೆ."

ಅಣ್ಣನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಗದರಿದ ಮೇಲೆ ಪಾರ್ಕಿಗೆ ಬರತೊಡಗಿದರು, ನಡೆಯುವುದು, ಸ್ವಲ್ಪ ಓಡುವುದು. ಕಾಲಲ್ಲಿ ದೊಡ್ಡ ನಂಬರಿನ ಗಟ್ಟಿ ಶೂ. ನಾನು ಮಾಡಿದ ತಪ್ಪೇ. ಒಂದು ದಿನ ಅವರ ಸಾಕ್ಸಿನ ಹಿಂದೆ ರಕ್ತದ ಕಲೆ ಕಂಡು, ಸಂಜೆ ಅಂಗಡಿಯಲ್ಲಿ ಹೇಳಿದೆ. ಇವರ ಕೈಯಲ್ಲಿದ್ದ ಶೂ ಡಬ್ಬಿ ಹಾಗೇ ನಿಂತಿತು.

"ಸಕ್ಕರೆ ಇದ್ದವರ ಕಾಲಿನ ಗಾಯ ಒಣಗುವುದಿಲ್ಲ. ಕಾಲೇ ತೆಗೀತಾರೆ," ಎಂದರು.

"ಹಾಗಾದರೆ ಒಂದು ಜೋಡಿ ಕೊಡಿ, ನಾನು ಒಯ್ಯುತ್ತೇನೆ."

"ನೋಡದೆ ಹೇಗೆ ಕೊಡ್ಲಿ? ತಪ್ಪು ಶೂ ಕೊಟ್ಟರೆ ಕಾಲು ತೆಗೆಸಿದವನು ನಾನೇ ಆಗ್ತೇನೆ. ಅವರೇ ಬರ್ಬೇಕು. ಹೇಳಿ ನೋಡ್ತೀಯಾ?"

ಅವತ್ತು ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದರು. ನಾನು ಹೋಟೆಲಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಣ್ಣನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು.

"ಊಟ ಆಯ್ತಾ?"

"ಆಯ್ತು."

"ಹಾಗಾದ್ರೆ ಜಾಗ ಬಿಡಿ, ಜನ ಕಾಯ್ತಾ ಇದ್ದಾರೆ."

ನನಗೆ ಮೈಯೆಲ್ಲ ಉರಿಯಿತು. ಅಂಗಡಿಗೆ ಬಂದು ಇವರಿಗೆ ಹೇಳಿದಾಗ, "ಅಚ್ಛಾ" ಎಂದರು ಅಷ್ಟೆ. ಆದರೆ ಆ ವಾರವಿಡೀ ಗಿರಾಕಿಯ ಕಾಲು ಕೈಯಲ್ಲಿದ್ದರೂ ಅವರ ಕಣ್ಣು ಬಾಗಿಲ ಕಡೆಗೇ ಇತ್ತು.

ಮುಂದಿನ ಶನಿವಾರ ಸಂಜೆ ಅಣ್ಣ ಬಂದರು. ಬಿಳಿ ಪಂಚೆ, ಕುಂಟು ನಡಿಗೆ. ಬೆಂಚಿನ ಮೇಲೆ ಕೂತು ಕಾಲು ಮುಂದೆ ಚಾಚಿದರು. ಇವರು ನೆಲದ ಮೇಲೆ ಕೂತು ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡರು. ಗಾಯ ನೋಡಲು ತಲೆ ಬಗ್ಗಿಸಿದರು. ಆಗ ಅಣ್ಣನ ಕೈ, ಇಷ್ಟು ವರ್ಷದ ಸಿಟ್ಟನ್ನು ಮರೆತ ಹಾಗೆ, ತಮ್ಮನ ತಲೆಯ ಮೇಲೆ ಹೋಯಿತು. ಕಾಲು ಮುಟ್ಟಿದ ತಮ್ಮನಿಗೆ ಅಣ್ಣ ಮಾಡುವುದು ಅದೇ ಅಲ್ಲವೇ. ಇವರು ಬಹಳ ಹೊತ್ತು ತಲೆ ಎತ್ತಲಿಲ್ಲ. ನಾನು ಡಬ್ಬಿಗಳನ್ನು ನೋಡುತ್ತಾ ನಿಂತೆ.

ಆಮೇಲೆ ಮೆತ್ತನೆಯ ಅಗಲದ ಜೋಡಿಯೊಂದನ್ನು ಹಾಕಿಸಿದರು. "ಮುಂದೆ ಜಾಗ ಉಂಟಲ್ಲ?" ಎಂದು ಅಣ್ಣ ಗೊಣಗಿದರು. "ಇರ್ಬೇಕು ಅಣ್ಣ. ಗಾಯ ಮಾಗುವ ತನಕ ನಡೆಯುವುದು ಮಾತ್ರ, ಓಡ್ಲಿಕ್ಕಿಲ್ಲ. ಕಂಬದ ತನಕ ಹೋಗಿ ಬನ್ನಿ." ಪೀತಮ್‌ಪುರದ ಆ ಗಲ್ಲಿಯಲ್ಲಿ ಹೋಟೆಲಿನ ಯಜಮಾನರು ಪಂಚೆ ಎತ್ತಿ ಕಟ್ಟಿ ಕಂಬದವರೆಗೆ ನಡೆದರು.

ಮರುವರ್ಷ ನನ್ನ ಆಫೀಸು ಗ್ರೇಟರ್ ನೋಯ್ಡಾಕ್ಕೆ ಹೋಯಿತು, ನಾನೂ ಹೋದೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದೆ, ಆಮೇಲೆ ಫೋನು, ಆಮೇಲೆ ಅದೂ ಇಲ್ಲ. ನನ್ನ ಒಂಟಿತನದ ಕಾಲಕ್ಕೆ ಬೇಕಾದವರನ್ನು ನಾನು ಅಲ್ಲಿಗೇ ಬಿಟ್ಟುಬಿಟ್ಟೆ. ಅದಕ್ಕೆ ಯಾವ ಸಮಜಾಯಿಷಿಯೂ ನನ್ನಲ್ಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಅಣ್ಣನೇ ಫೋನು ಮಾಡಿದರು. "ತಮ್ಮ ಹೋದ. ಅಂಗಡಿ ಶಟರ್ ಎತ್ತುವಾಗ ಬಿದ್ದನಂತೆ."

ಮಧ್ಯಾಹ್ನ ನಾನು ಸ್ಮಶಾನ ತಲುಪಿದಾಗ ಎಲ್ಲರೂ ಚಪ್ಪಲಿ ಕಳಚಿ ಒಳಗೆ ಹೋಗಿದ್ದರು. ಅಣ್ಣ ಮಾತ್ರ ಗೇಟಿನ ಹತ್ತಿರ ಶೂ ಹಾಕಿಕೊಂಡೇ ನಿಂತಿದ್ದರು. ಪಕ್ಕದಲ್ಲಿ ನಿಂತಿದ್ದ ಅವರ ಮಗ, "ಪಾಪಾ ಶೂ ಮುಟ್ಟಲಿಕ್ಕೇ ಬಿಡ್ತಿಲ್ಲ ಅಂಕಲ್" ಎಂದ.

ಅಣ್ಣ ನನ್ನ ತೋಳು ಹಿಡಿದುಕೊಂಡರು. "ನಂಗೆ ಬಗ್ಗಲಿಕ್ಕೆ ಆಗುದಿಲ್ಲ. ದಿನಾ ಅವನೇ ಮನೆಗೆ ಬಂದು ಲೇಸು ಕಟ್ಟಿ ಹೋಗ್ತಿದ್ದ, ಅಂಗಡಿ ತೆರೆದಿಟ್ಟು ಬಂದು ಬಿಚ್ಚುತ್ತಿದ್ದ. ಇವತ್ತೂ ಕಟ್ಟಿದ. ಬಿಚ್ಚಲಿಕ್ಕೆ ಬರ್ಲಿಲ್ಲ. ನೀನು ಅವನ ಅಂಗಡಿಯಲ್ಲಿ ಕೂತವ. ನೀನು ಬಿಚ್ಚು."

ನಾನು ಅವರ ಕಾಲ ಬಳಿ ಕೂತೆ. ನಡೆಯುವಾಗ ಸಡಿಲವಾಗದಿರಲೆಂದು ಬೆಳಿಗ್ಗೆ ಇವರು ಲೇಸನ್ನು ಎರಡು ಸುತ್ತು ಹಾಕಿ ಬಿಗಿದಿದ್ದರು. ಬಿಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು.