ಎಡಕ್ಕೆ ಸುತ್ತಿದ ನೀಲಿ ಪೈಪು

ಬೆಳಕು ಹರಿಯುವ ಮೊದಲೇ ಟ್ಯಾಂಕಿ ಅಕ್ಕ ಲಾರಿಯಿಂದಿಳಿದು ನೀಲಿ ಪೈಪನ್ನು ಹೆಗಲಿಗೇರಿಸುತ್ತಾರೆ. ಕೆರೆದಂಡೆಯ ಈ ಬಯಲಿನಲ್ಲಿ ಕರೆಂಟಿನ ಕಂಬವಿಲ್ಲ, ನಲ್ಲಿಯಿಲ್ಲ, ಚರಂಡಿಯಿಲ್ಲ. ಮಂಚ, ಒಲೆ, ಕಕ್ಕಸು ಎಲ್ಲವೂ ಒಳಗೇ ಇರುವ ಹದಿನಾಲ್ಕು ಮನೆಗಾಡಿಗಳು ನಿಂತಿವೆ. ಚಾವಣಿಯ ಸೋಲಾರ್ ಹಲಗೆ ತೋರಿಸಿ 'ನಮಗೆ ಯಾರ ಹಂಗೂ ಇಲ್ಲ' ಎಂದು ಬೀಗುವ ರಜೆಯ ಮಂದಿ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ಅವರಿಗೆ ಕುಡಿಯುವ ನೀರು ತರುವವರೂ, ಅವರ ಹೊಟ್ಟೆಯಿಂದ ಹೊರಬಿದ್ದದ್ದನ್ನು ಒಯ್ಯುವವರೂ ಈ ಅಕ್ಕನೇ.

"ಮೊದ್ಲು ಒಳ್ಳೇ ನೀರು, ಆಮೇಲೆ ಕೆಟ್ಟ ನೀರು. ನೀಲಿ ಪೈಪು ಕುಡಿಯೋಕೆ, ಕರಿ ಪೈಪು ಕಕ್ಕಸಿಗೆ. ಒಂದಕ್ಕೊಂದು ತಾಗಿದ್ರೆ ಮುಗೀತು ಕತೆ."

ಲಾರಿ ಮೊದಲು ಗಂಡನ ಕೈಯಲ್ಲಿತ್ತು. ಏಳು ವರ್ಷದ ಹಿಂದೆ ಅವರ ಸೊಂಟ ಕೈಕೊಟ್ಟಿತು. "ಸ್ಟೇರಿಂಗು ನನ್ನ ಕೈಗೆ ಬಂತು, ಸೌಟು ಅವರ ಕೈಗೆ ಹೋಯ್ತು. ಇಬ್ರಿಗೂ ಬರ್ತಿರ್ಲಿಲ್ಲ" ಎಂದು ನಗುತ್ತಾರೆ. ದಿನಕ್ಕೆ ಎರಡು ಸುತ್ತು, ಗಾಡಿಗೆ ನೂರು ಲೀಟರ್. ವಾಸನೆಯ ಮಾತು ಬಂದರೆ, "ಅಂಗಡಿ ಮುಂದೆ ನಿಂತ್ರೆ ಜನ ತಾವಾಗೇ ಸರೀತಾರೆ. ನಂಗೆ ಬೇಗ ಸಾಮಾನು ಸಿಗುತ್ತೆ ಬಿಡಿ."

ಇಲ್ಲಿಂದ ಮುಂದೆ ಬರೆಯಲು ನಾಚಿಕೆಯಾಗುತ್ತಿದೆ. ಹೋದ ತಿಂಗಳು ಬಾಡಿಗೆಯ ಮನೆಗಾಡಿಯಲ್ಲಿ ನಾನೂ ಇಲ್ಲಿ ಮೂರು ದಿನ ಇದ್ದೆ. ಗಾಡಿಯ ಕಕ್ಕಸು ಟ್ಯಾಂಕಿಯ ಬಾಯಿ ಗಲೀಜಾಗಿತ್ತು. ಅಕ್ಕ ಅತ್ತ ಹೋದಾಗ ನೀಲಿ ಪೈಪನ್ನೇ ಅದರೊಳಕ್ಕೆ ತೂರಿಸಿ ತೊಳೆದು, ಮೊದಲಿದ್ದಂತೆಯೇ ಎಂದುಕೊಂಡು ಸುತ್ತಿಟ್ಟೆ. ಅದೇ ಪೈಪಿನಿಂದ ಪಕ್ಕದ ಗಾಡಿಗೆ ನೀರು ಹೋಯಿತು. ಅಲ್ಲಿದ್ದ ಅಜ್ಜಿ ಲೋಟ ಎತ್ತಿದವರು ಮೂಗು ಮುಚ್ಚಿಕೊಂಡರು. ಅಕ್ಕನೇ ಪೈಪು ಅದಲುಬದಲು ಮಾಡಿದ್ದಾರೆಂದು ಎಲ್ಲರೂ ಬಾಯಿಗೆ ಬಂದಂತೆ ಬೈದರು. ನಾನು ಕಿಟಕಿಯ ಪರದೆ ಎಳೆದುಕೊಂಡು ಕುಳಿತೆ.

ಅಕ್ಕ ಅಷ್ಟೂ ನೀರು ಚೆಲ್ಲಿ, ಪೈಪು ಕತ್ತರಿಸಿ ಎಸೆದು ಹೊಸದು ತಂದರು. ಈ ತಿಂಗಳು ಮುಗಿದರೆ ಬೇರೆ ಲಾರಿ ಎಂದಿದ್ದಾರೆ ಬಯಲಿನ ಮಾಲೀಕರು. ಅದು ಕಿವಿಗೆ ಬಿದ್ದ ಮೇಲೆಯೇ ನಾನು ಲೇಖನದ ನೆಪ ಹಿಡಿದು ಬಂದದ್ದು. ಬಂದು ಮೂರು ಗಂಟೆಯಾದರೂ ನಿಜ ಬಾಯಿಗೆ ಬರುತ್ತಿಲ್ಲ.

"ಅವತ್ತು ಯಾರೋ ಪೈಪು ಮುಟ್ಟಿದ್ರು ಸಾರ್. ನಾನು ಸುತ್ತೋದು ಬಲಕ್ಕೆ. ಅದು ಎಡಕ್ಕೆ ಸುತ್ತಿತ್ತು. ಹೇಳ್ದೆ, ಯಾರೂ ನಂಬ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಪೆನ್ನು ಎಡಗೈಯಿಂದ ಬಲಗೈಗೆ ದಾಟುತ್ತದೆ. ಬಲಗೈಯಲ್ಲಿ ನನಗೆ ನನ್ನ ಹೆಸರು ಬರೆಯಲೂ ಬಾರದು. ಅಕ್ಕ ಪುಸ್ತಕದ ಮೇಲಿನ ಸೊಟ್ಟ ಅಕ್ಷರ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೆ ಪೈಪು ಸುತ್ತಲು ತೊಡಗುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ತಪ್ಪು ಅಕ್ಕಂದಲ್ಲ ಅಂತ ಒಂದು ಸಾಲು ಹಾಕಿ. ಮಾಲೀಕರು ಪೇಪರ್ ಓದ್ತಾರೆ. ಯಾರದ್ದು ಅಂತ ಬೇಡ. ಪಾಪ, ಅವ್ರಿಗೂ ಹೆಂಡ್ತಿ ಮಕ್ಕಳು ಇರ್ತಾರೆ."

ಯಾರದ್ದು ಅಂತಲೂ ಬರೆದಿದ್ದೇನೆ ಅಕ್ಕ. ಎಡಗೈಯಲ್ಲೇ.