ಎರಡು ಪರದೆ, ನಾಲ್ಕು ಹಚ್ಚೆ ಬೊಟ್ಟು

ಕುಂದಗೋಳದ ಬಸ್ ಸ್ಟ್ಯಾಂಡಿನ ಬಾಜು ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರು, ತೀರಿಹೋದವರ ಫೋಟೊ, ಇವೇ ಕೆಲಸ. ಮೇಜಿನ ಮೇಲೆ ನನ್ನ ಕಡೆಗೆ ಲ್ಯಾಪ್‌ಟಾಪು, ಗಿರಾಕಿಯ ಕಡೆಗೆ ತಿರುಗಿಸಿಟ್ಟ ಹಳೆಯ ದೊಡ್ಡ ಮಾನಿಟರು. ಗಿರಾಕಿ ಆ ಕುರ್ಚಿಯಲ್ಲಿ ಕೂತು, ಹೆಸರು, ತಿಥಿ, ಹಣೆಯ ವಿಭೂತಿ ಎಲ್ಲ ನೋಡಿ, ಬಾಯಿಬಿಟ್ಟು ಹೌದು ಅನ್ನುವ ತನಕ ನಾನು ಪ್ರಿಂಟಿಗೆ ಕಳಿಸುವುದಿಲ್ಲ. ತಲೆ ಆಡಿಸಿದರೆ ನಡೆಯುವುದಿಲ್ಲ. ಆಮೇಲೆ ಬಂದು ಜಗಳ ತೆಗೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ.

ಆ ಎರಡು ಪರದೆಗಳು ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಜಾತಿಯವು. ಲ್ಯಾಪ್‌ಟಾಪು ಚಿಕ್ಕದಾದರೂ ಚಿತ್ರ ಮೂಡಿಸುವ ಅದರ ಚುಕ್ಕೆಗಳು ಬಹಳ ಸಣ್ಣವು. ಎಲ್ಲವನ್ನೂ ಶೇಕಡಾ ನೂರೈವತ್ತಕ್ಕೆ ಹಿಗ್ಗಿಸದಿದ್ದರೆ ಅಕ್ಷರಗಳು ಸಾಸಿವೆ ಕಾಳಿನಷ್ಟು ಕಾಣುತ್ತವೆ. ಮಾನಿಟರಿಗೆ ನೂರೇ ಸಾಕು. ಹೊಸ ಸಾಫ್ಟ್‌ವೇರುಗಳು ಪರದೆ ನೋಡಿ ಅಳತೆ ಬದಲಿಸಿಕೊಳ್ಳುತ್ತವಂತೆ. ನನ್ನದು ಹಳೆಯದು, ಅದಕ್ಕೆ ಒಂದೇ ಅಳತೆ ಗೊತ್ತು. ಲ್ಯಾಪ್‌ಟಾಪಿನ ಅಳತೆಗೆ ಬಿಡಿಸಿದ ಚಿತ್ರವನ್ನು ಕಂಪ್ಯೂಟರು ಹಾಗೇ ಹಿಸುಕಿ ಮಾನಿಟರಿಗೆ ತುಂಬುತ್ತದೆ. ಅಲ್ಲಿ ಎಲ್ಲವೂ ಮಂಜು. ಸೆಟ್ಟಿಂಗಿನಲ್ಲಿ ಕೈಯಾಡಿಸಿ ಆಡಿಸಿ ನನಗೆ ಸಾಕಾಗಿಹೋಗಿತ್ತು. ಗಿರಾಕಿ ಕೇಳಿದರೆ, ಅದು ಪರದೆಯ ದೋಷ, ಪ್ರಿಂಟು ಚೊಕ್ಕ ಬರುತ್ತದೆ ಎನ್ನುತ್ತಿದ್ದೆ. ಹಾಗೆ ಹೇಳಿ ಹೇಳಿ, ಮಾನಿಟರಿನಲ್ಲಿ ಕಂಡದ್ದನ್ನು ನಾನೇ ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟಿದ್ದೆ.

ಅವ್ವ ತೀರಿಕೊಂಡ ಐದನೇ ದಿನ ಅಂಗಡಿ ತೆರೆದೆ. ಒಂಬತ್ತನೇ ದಿನದ ಶಿವಗಣಾರಾಧನೆಗೆ ಅವಳ ಫೋಟೊ ಬೇಕಿತ್ತು. ಅವಳೊಬ್ಬಳೇ ಇದ್ದ ಫೋಟೊ ಮನೆಯಲ್ಲಿ ಒಂದೇ. ಕಟ್ಟು ಹಾಕಿದ್ದು, ಬೂಷ್ಟು ಹಿಡಿದು ಗಾಜಿಗೆ ಅಂಟಿಕೊಂಡಿದ್ದು. ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಅದೇ ಕಟ್ಟು ಮತ್ತೆ ಬೇಕಿತ್ತಲ್ಲ, ಫೋಟೊ ಬಿಡಿಸಲು ಹೋದೆ. ಮುಖದ ಬಣ್ಣವೆಲ್ಲ ಗಾಜಿಗೇ ಉಳಿಯಿತು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಗಾಜನ್ನು ಉಜ್ಜಿ ತೊಳೆದೆ. ಆಗ ಏನೂ ಅನಿಸಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನಿಸುತ್ತಿರಲಿಲ್ಲ. ಚಹಾ ಆರಿದ್ದರೂ ಕುಡಿಯುತ್ತಿದ್ದೆ.

ಬೂಷ್ಟಿನ ಕಲೆ ತೆಗೆಯಲು ನನ್ನ ಜಾಗದಲ್ಲಿ ಕೂರಲಿಲ್ಲ. ಮೌಸು ಹಿಡಿದು ಗಿರಾಕಿಯ ಕುರ್ಚಿಯಲ್ಲಿ ಕೂತೆ. ಲ್ಯಾಪ್‌ಟಾಪಿನಲ್ಲಿ ಅವ್ವ ತೀರಾ ಹತ್ತಿರ, ತೀರಾ ಚೂಪಾಗಿ ಕಾಣುತ್ತಿದ್ದಳು. ಅದು ನನ್ನಿಂದಾಗಲಿಲ್ಲ. ಮಾನಿಟರಿನ ಮಂಜೇ ಹಿತವಾಗಿತ್ತು. ಕೆನ್ನೆಯ ಮೇಲಿನ ಕಲೆ ಒರೆಸಿದೆ, ಗದ್ದದ ಮೇಲಿನದನ್ನು ಒರೆಸಿದೆ, ಸೆರಗಿನದನ್ನು ಒರೆಸಿದೆ. ವಿಭೂತಿ ತಿದ್ದಿದೆ, ಕುಂಕುಮ ತಿದ್ದಿದೆ. ನಡುನಡುವೆ ರೂಢಿಯಂತೆ ಹಳೆಯದರ ಮೇಲೇ ಸೇವ್ ಮಾಡುತ್ತ ಹೋದೆ. ಹೌದು ಅನ್ನಲು ಯಾರನ್ನೂ ಕರೆಯಲಿಲ್ಲ. ಊರಿಗೆಲ್ಲ ಹಾಕಿದ ಕಾಯಿದೆ ನನಗೆ ಅನ್ವಯಿಸಲಿಲ್ಲ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅಂತಾರಲ್ಲ, ಹಾಗೆ.

ಹುಬ್ಬಳ್ಳಿಯಿಂದ ಪ್ರಿಂಟು ಬಂತು. ಕಟ್ಟು ಹಾಕಿ ಮನೆಗೆ ಒಯ್ದೆ. ಬಂದವರೆಲ್ಲ ಅಗದಿ ಛಲೋ ಬಂದಿದೆ ಎಂದರು. ಅಪ್ಪ ಮಾತ್ರ ಪಡಸಾಲೆಯಲ್ಲಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದ.

"ಇಕಿ ಯಾರು?" ಅಂದ.

ತಲೆ ಕೆಟ್ಟಿರಬೇಕು ಎಂದುಕೊಂಡೆ. ಆತ ತನ್ನ ಗದ್ದ ಮುಟ್ಟಿಕೊಂಡು, "ಹಚ್ಚಿ ಬೊಟ್ಟು ಎಲ್ಲಿ ಹೋದವು?" ಎಂದ.

ಬೂಷ್ಟು ಎಂದು ನಾನು ಒರೆಸಿದ್ದು ಅವ್ವನ ಹಚ್ಚೆಯನ್ನು. ಆ ಮಂಜಿನಲ್ಲಿ ಬೊಟ್ಟುಗಳೆಲ್ಲ ಕಲಸಿ ಒಂದೇ ಕಲೆಯಾಗಿ ಕಂಡಿದ್ದವು. ಮೂಲ ಫೋಟೊ ಇಲ್ಲ, ಮೇಲಿಂದ ಮೇಲೆ ಸೇವ್ ಮಾಡಿ ಮೊದಲಿನ ಸ್ಕ್ಯಾನೂ ಇಲ್ಲ. ಆರಾಧನೆಯ ದಿನ ಹೂವಿನ ಹಾರವನ್ನು ಗದ್ದದ ತನಕ ಏರಿಸಿ ಕಟ್ಟಿ ಕಳೆದೆವು. ಜಂಗಮರು ಉಂಡರು, ಬಂಧುಗಳು ಉಂಡರು, ನಾನೂ ಉಂಡೆ.

ಮಾರನೇ ದಿನ ಅಪ್ಪ ಅಂಗಡಿಗೆ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಗಿರಾಕಿಯ ಕುರ್ಚಿಯಲ್ಲಿ ಕೂತ. ನಾನು ಬೊಟ್ಟು ಇಡಲು ಶುರು ಮಾಡಿದೆ. ಒಂದು, ಎರಡು, ಮೂರು. ಮೂರೇ ಎಂದು ನನಗೆ ಖಾತ್ರಿಯಿತ್ತು. ನಲವತ್ತು ವರ್ಷ ನೋಡಿದ ಮುಖ.

"ಮೂರಲ್ಲೋ, ನಾಕು," ಎಂದ ಅಪ್ಪ. "ಹಾಕಿಸಿಕೊಂಡದ್ದು ಮೂರ. ನಾಕನೇದು ಸಣ್ಣದು, ಎಡಕ್ಕ. ಚುಚ್ಚುವಾಗ ನಿಮ್ಮವ್ವ ನಕ್ಕಳಂತ, ಆಗಿನ್ನೂ ಹುಡುಗಿ, ಸೂಜಿ ಜಾರಿತಂತ. ಲಗ್ನ ಆದ ಮ್ಯಾಲೆ ನನಗ ಹೇಳಿದ್ಲು."

ನನಗೆ ಅವಳು ಅದನ್ನು ಎಂದೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಾಲ್ಕನೆಯದನ್ನು ಇಟ್ಟೆ. ಮಾನಿಟರಿನಲ್ಲಿ ನಾಲ್ಕೂ ಕಲಸಿ ಮತ್ತೆ ಒಂದೇ ಕಲೆಯಾದವು. ಅಪ್ಪ ಕಣ್ಣು ಕಿರಿದು ಮಾಡಿ ಬಗ್ಗಿದ. ಪರದೆಯ ದೋಷ, ಪ್ರಿಂಟು ಚೊಕ್ಕ ಬರುತ್ತದೆ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಎದ್ದು, ಆತನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಲ್ಯಾಪ್‌ಟಾಪನ್ನು ಮುಂದಕ್ಕೆ ಸರಿಸಿದೆ. ಅಲ್ಲಿ ನಾಲ್ಕೂ ಬೇರೆ ಬೇರೆ ಕಂಡವು. ಆತನ ಹಿಂದೆ ನಿಂತು ನಾನೂ ನೋಡಿದೆ. ಅಷ್ಟು ಹತ್ತಿರದ ಅವ್ವನಿಂದ ಈ ಸಲ ಕಣ್ಣು ತಪ್ಪಿಸಲಿಲ್ಲ.

"ಹೌದೇನು?" ಎಂದು ಕೇಳಿದೆ.

ಅಪ್ಪ ಪರದೆಯ ಮೇಲಿನ ಗದ್ದಕ್ಕೆ ಬೆರಳು ತಾಗಿಸಿದ. ಆಮೇಲೆ ಕೋಲು ಹಿಡಿದು ಎದ್ದು, "ನಾಳೆ ಮತ್ತ ನೋಡೂಣು," ಎಂದು ಮನೆಗೆ ಹೋದ.

ಮರುದಿನ ಬಂದ. ಅದರ ಮರುದಿನವೂ ಬಂದ. ಈಗಲೂ ಮುಂಜಾನೆ ಹತ್ತರ ಸುಮಾರಿಗೆ ಬಂದು ನನ್ನ ಕುರ್ಚಿಯಲ್ಲಿ ಕೂರುತ್ತಾನೆ. ನಾನು ಅವ್ವನ ಫೈಲು ತೆರೆದುಕೊಟ್ಟು ಬಾಗಿಲಲ್ಲಿ ನಿಲ್ಲುತ್ತೇನೆ. ಬೊಟ್ಟಿನಲ್ಲಿ ಏನೂ ತಪ್ಪಿಲ್ಲ, ಅದು ಇಬ್ಬರಿಗೂ ಗೊತ್ತು. ಆತ ಇನ್ನೂ ಹೌದು ಅಂದಿಲ್ಲ. ನಾನು ಪ್ರಿಂಟಿಗೆ ಕಳಿಸಿಲ್ಲ.